ವೇಗ ಸರಿಯಾಯಿತು, ಬಣ್ಣ ಹೋಯಿತು: ಹಳೆಯ ಮೆಗಾ ಡ್ರೈವ್‌ಗೆ 60 ಹರ್ಟ್ಜ್ ಸ್ವಿಚ್ ಹಾಕಿದ ಮೇಲೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಕಾಕಾ 1993ರಲ್ಲಿ ದುಬೈಯಿಂದ ರಜೆಗೆ ಬಂದಾಗ ತಂದುಕೊಟ್ಟ ಸೆಗಾ ಮೆಗಾ ಡ್ರೈವ್ ಗೇಮ್ ಯಂತ್ರ (ಮೊದಲ ಮಾದರಿ, ನಮ್ಮ ಟಿವಿಗಳ ಪಾಲ್ ಪದ್ಧತಿಯದು) ಇಂದಿಗೂ ನಡೆಯುತ್ತಿದೆ. ಕಳೆದ ವರ್ಷ ಅಮೆರಿಕದಲ್ಲಿರುವ ಭಾವನವರು ಅಲ್ಲಿಯ ಮೂರು ಗೇಮ್ ಕ್ಯಾಸೆಟ್ ತಂದರು. ಎರಡು ನಡೆದವು, ಆದರೆ ಆಟವೂ ಸಂಗೀತವೂ ನಿಧಾನ. ಮೂರನೆಯದು, ಇದು ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಯಂತ್ರಕ್ಕಾಗಿ ಮಾಡಿದ್ದು ಎಂಬರ್ಥದ ಇಂಗ್ಲಿಷ್ ಸಾಲು ತೋರಿಸಿ ನಿಂತುಬಿಟ್ಟಿತು. ಊರಿನ ರಿಪೇರಿ ಅಂಗಡಿಯಲ್ಲಿ ಪರದೆಯ ವೇಗ ಬದಲಿಸುವ 50/60 ಸ್ವಿಚ್ ಹಾಕಿಸಿದೆವು. ಈಗ ಮೂರೂ ಸರಿಯಾದ ವೇಗದಲ್ಲಿ ನಡೆಯುತ್ತವೆ, ಆದರೆ 60ಕ್ಕೆ ಹಾಕಿದೊಡನೆ ಚಿತ್ರ ಕಪ್ಪು-ಬಿಳುಪಾಗುತ್ತದೆ. 21 ಇಂಚಿನ ಹಳೆಯ ಡಬ್ಬಾ ಟಿವಿಯಲ್ಲೂ ಹಾಗೆಯೇ, ಹೊಸ ಎಲ್‌ಇಡಿಯಲ್ಲೂ ಹಾಗೆಯೇ. ದೋಷ ಟಿವಿಯದೋ ಸ್ವಿಚ್ಚಿನದೋ? ಸ್ವಿಚ್ ತೆಗೆಸಿಬಿಡಬೇಕೇ? ನಮ್ಮೂರಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಕೊಂಡಿದ್ದ ಅಣ್ಣನ ಟಿವಿ ಗೇಮಿಗೂ ಇಂಥದೇ ಸ್ವಿಚ್ ಹಾಕಿಸಬಹುದೇ?
— ಹುಮನಾಬಾದಿನ ಓದುಗರು, ಬೀದರ್ ಜಿಲ್ಲೆ

ಉತ್ತರ: ನಿಮ್ಮ ಎರಡು ಟಿವಿಗಳಲ್ಲಿ ಯಾವುದರಲ್ಲೂ ದೋಷವಿಲ್ಲ. ಸ್ವಿಚ್ ಹಾಕಿಕೊಟ್ಟವರು ತಪ್ಪು ಮಾಡಿದ್ದಾರೆಂದೂ ನಾನು ಹೇಳುವುದಿಲ್ಲ, ಏಕೆಂದರೆ ಆ ಸ್ವಿಚ್ ಯಾವ ಕೆಲಸ ಮಾಡಬೇಕೋ ಅದನ್ನು ಸರಿಯಾಗಿಯೇ ಮಾಡುತ್ತಿದೆ. ಆದರೆ ಮಾಡಬೇಕಾದ ಕೆಲಸಗಳು ಎರಡಿದ್ದವು, ನಡೆದದ್ದು ಒಂದು. ಚಿತ್ರದ ವೇಗ ಬೇರೆ, ಚಿತ್ರದ ಬಣ್ಣ ಬೇರೆ. ಪಾಲ್, ಎನ್‌ಟಿಎಸ್‌ಸಿ ಎಂಬ ಹೆಸರುಗಳು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುವುದರಿಂದ ಒಂದನ್ನು ಬದಲಿಸಿದರೆ ಇನ್ನೊಂದೂ ತಾನಾಗಿ ಬದಲಾಗುತ್ತದೆ ಎಂದು ನಾವು ನಂಬಿಬಿಡುತ್ತೇವೆ. ಆ ಗಂಟನ್ನು ಒಮ್ಮೆ ಬಿಚ್ಚಿ ನೋಡಿದರೆ ಮುಂದೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ನಿಮಗೇ ಗೊತ್ತಾಗುತ್ತದೆ.

ಮೊದಲು ವೇಗದ ವಿಚಾರ. ಅಮೆರಿಕ ಮತ್ತು ಜಪಾನಿನ ಹಳೆಯ ಅನಲಾಗ್ ಟಿವಿ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 525 ಗೆರೆಗಳು, ಪರದೆ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗುತ್ತದೆ. ನಮ್ಮಲ್ಲಿ, ಯುರೋಪಿನ ಬಹುಭಾಗದಲ್ಲಿ ಮತ್ತು ನಿಮ್ಮ ಕಾಕಾ ದುಡಿದ ದುಬೈಯಲ್ಲಿ 625 ಗೆರೆಗಳು, ಸೆಕೆಂಡಿಗೆ 50 ಸಲ. ಬಣ್ಣ ಬರುವುದಕ್ಕೂ ಮೊದಲೇ ನಮ್ಮ ಭಾಗಕ್ಕೆ ಈ ಲೆಕ್ಕ ಬಂದಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಟಿವಿ ಪ್ರಯೋಗದಲ್ಲಿ ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜಾಳಿಗೆಯ ಛತ್ರಿ ಆಂಟೆನಾ ನಿಲ್ಲಿಸಿ ಜನರು ನೋಡಿದ ಕಪ್ಪು-ಬಿಳುಪು ಚಿತ್ರವೂ ಇದೇ 625 ಗೆರೆಗಳದ್ದು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಆ ಗೆರೆಗಳ ಮೇಲೆಯೇ ಪಾಲ್ ಬಣ್ಣ ಬಂದು ಕುಳಿತುಕೊಂಡಿತು. ಗೆರೆಗಳೂ ವೇಗವೂ ಮೊದಲು ಬಂದವು, ಬಣ್ಣ ಆಮೇಲೆ ಬಂದಿತು ಎಂಬ ಈ ಕ್ರಮವನ್ನು ನೆನಪಿನಲ್ಲಿಡಿ. ನಿಮ್ಮ ತೊಂದರೆಯ ಬೇರು ಇಲ್ಲಿಯೇ ಇದೆ.

ಇದೇ ಸಂದರ್ಭದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸುತ್ತೇನೆ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಆಟ ನಿಧಾನವಾಗುತ್ತದೆ ಎಂದು ಹಲವರು ನನಗೆ ಹೇಳಿದ್ದಾರೆ. ಟಿವಿ ಪದ್ಧತಿಗಳನ್ನು ರೂಪಿಸಿದ ಕಾಲದಲ್ಲಿ ಕರೆಂಟಿನ ಹರ್ಟ್ಜ್ ನೋಡಿಯೇ ಪರದೆಯ ವೇಗವನ್ನು ನಿಗದಿ ಮಾಡಿದ್ದು ನಿಜ. ಆದರೆ ಮೆಗಾ ಡ್ರೈವ್‌ಗೆ ಅಡಾಪ್ಟರಿನಿಂದ ಬರುವುದು ಡಿಸಿ ಕರೆಂಟು. ಯಂತ್ರದ ವೇಗ ನಿಗದಿ ಮಾಡುವ ಒಳಗಿನ ಕ್ರಿಸ್ಟಲ್‌ಗೆ ಗೋಡೆಯ ಸಾಕೆಟ್ಟಿನ ಹರ್ಟ್ಜ್ ಎಷ್ಟೆಂಬುದು ಗೊತ್ತೇ ಆಗುವುದಿಲ್ಲ. ಹುಮನಾಬಾದಿನಲ್ಲಿ ನಿಧಾನವಾಗಿ ನಡೆಯುವ ಯಂತ್ರವನ್ನು ನ್ಯೂಯಾರ್ಕಿಗೆ ಒಯ್ದರೂ ಅದು ಅಷ್ಟೇ ನಿಧಾನವಾಗಿ ನಡೆಯುತ್ತದೆ.

ನಿಧಾನವಾಗಲು ಕಾರಣ ಆ ಕಾಲದ ಆಟಗಳನ್ನು ಬರೆದ ರೀತಿ. ಅವು ಗಡಿಯಾರ ನೋಡಿ ನಡೆಯುವುದಿಲ್ಲ, ಪರದೆಯನ್ನು ನೋಡಿ ನಡೆಯುತ್ತವೆ. ಪರದೆ ಒಮ್ಮೆ ಹೊಸದಾದರೆ ಪಾತ್ರ ಒಂದು ಹೆಜ್ಜೆ ಮುಂದೆ ಹೋಗಬೇಕು, ಸಂಗೀತ ಒಂದು ಗುಕ್ಕು ಮುಂದೆ ಸರಿಯಬೇಕು, ಅಷ್ಟೇ ಲೆಕ್ಕ. ಸೆಕೆಂಡಿಗೆ 60ರ ಬದಲು 50 ಸಲ ಹೊಸದಾದರೆ ಎಲ್ಲವೂ ಆರರಲ್ಲಿ ಒಂದು ಪಾಲು ಹಿಂದೆ ಬೀಳುತ್ತದೆ, ಅಂದರೆ ಒಂದು ನಿಮಿಷದ ಹಾಡು ಮುಗಿಯಲು 1 ನಿಮಿಷ 12 ಸೆಕೆಂಡು ಹಿಡಿಯುತ್ತದೆ. ನೀವು ಕಿವಿಗೊಟ್ಟು ಕೇಳಿದ್ದರೆ ಇನ್ನೊಂದು ಸಂಗತಿಯನ್ನೂ ಗಮನಿಸಿರುತ್ತೀರಿ: ಹಾಡು ಎಳೆಯುತ್ತದೆ, ಆದರೆ ಶ್ರುತಿ ಇಳಿಯುವುದಿಲ್ಲ. ತಾಳ ಪರದೆಯ ಲೆಕ್ಕದಲ್ಲಿ ನಡೆದರೆ ಸ್ವರ ಹುಟ್ಟುವುದು ಧ್ವನಿ ಚಿಪ್ಪಿಗೆ ಹೋಗುವ ಕ್ರಿಸ್ಟಲ್‌ನ ಲೆಕ್ಕದಲ್ಲಿ, ಮತ್ತು ಪಾಲ್ ಯಂತ್ರಕ್ಕೂ ಎನ್‌ಟಿಎಸ್‌ಸಿ ಯಂತ್ರಕ್ಕೂ ಆ ಗಡಿಯಾರದಲ್ಲಿ ಇರುವ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಿಮೆ. ಮೇಲೆ ಕೆಳಗೆ ಕಾಣುವ ಕಪ್ಪು ಪಟ್ಟಿಯೂ ಇದೇ ಕಥೆಯ ಭಾಗ. ಆಟ ಬರೆಯುವುದು 224 ಗೆರೆಗಳ ಚಿತ್ರವನ್ನು; ನಮ್ಮ ಪದ್ಧತಿಯ ಪರದೆಯಲ್ಲಿ ಜಾಗವಿರುವುದು 288 ಗೆರೆಗಳಿಗೆ. ಉಳಿದದ್ದು ಖಾಲಿ.

ಮೂರನೆಯ ಕ್ಯಾಸೆಟ್ ನಿಂತುಬಿಟ್ಟದ್ದು ಚಿತ್ರದ ತೊಂದರೆಯಿಂದಲ್ಲ, ಆಟದೊಳಗೇ ಬರೆದಿಟ್ಟ ತಪಾಸಣೆಯಿಂದ. ಆಟ ಶುರುವಾಗುವಾಗ ಯಂತ್ರಕ್ಕೆ ಎರಡು ಪ್ರಶ್ನೆ ಕೇಳಬಹುದು: ನೀನು ಜಪಾನಿನವನೋ ಹೊರದೇಶದವನೋ, ನಿನ್ನದು ಪಾಲೋ ಎನ್‌ಟಿಎಸ್‌ಸಿಯೋ. ಯಂತ್ರ ಒಂದೊಂದು ಬಿಟ್‌ನಲ್ಲಿ ಉತ್ತರ ಕೊಡುತ್ತದೆ, ಆ ಉತ್ತರಗಳು ಬೋರ್ಡಿನ ಮೇಲಿನ ಜಂಪರ್‌ಗಳಿಂದ (ಎರಡು ಬಿಂದುಗಳನ್ನು ಸೇರಿಸುವ ಸಣ್ಣ ಕೊಂಡಿಗಳಿಂದ) ಬರುತ್ತವೆ. ನಿಮ್ಮದು ದುಬೈ ಯಂತ್ರ, ಕ್ಯಾಸೆಟ್ ಅಮೆರಿಕದ್ದು. ಯಂತ್ರ ಹೊರದೇಶದ್ದೆಂದೇ ಉತ್ತರ ಕೊಡುತ್ತಿದ್ದರಿಂದ ಮೊದಲನೆಯ ಪ್ರಶ್ನೆಗೆ ಉತ್ತರ ಆಗಲೇ ಸರಿಯಿತ್ತು, ಎರಡನೆಯದಕ್ಕಾಗಿ ಒಂದೇ ಸ್ವಿಚ್ ಸಾಕಾಯಿತು. ಮುಂದೆ ಜಪಾನಿನ ಕ್ಯಾಸೆಟ್ ಸಿಕ್ಕರೆ ಜಪಾನೋ ಹೊರದೇಶವೋ ಎಂದು ಹೇಳುವ ಜಂಪರ್‌ಗೂ ಇನ್ನೊಂದು ಸ್ವಿಚ್ ಬೇಕಾಗಬಹುದು. ಅವುಗಳ ಡಬ್ಬಿಯ ಆಕಾರವೇ ಬೇರೆಯಾದ್ದರಿಂದ ನಿಮ್ಮ ಯಂತ್ರದ ಬಾಯಿಗೆ ಅವು ಹಾಗೆಯೇ ಕೂರುವುದೂ ಇಲ್ಲ.

ಈಗ ಬಣ್ಣಕ್ಕೆ ಬರೋಣ. ನೀವು ಹಳದಿ ಪಿನ್ನಿನ ಎವಿ ಕೇಬಲ್ ಬಳಸುತ್ತಿದ್ದೀರಿ ಎಂದು ಭಾವಿಸುತ್ತೇನೆ. ಆ ಒಂದೇ ತಂತಿಯಲ್ಲಿ ಬೆಳಕು, ಬಣ್ಣ, ಗೆರೆಗಳ ಹೊಂದಾಣಿಕೆಯ ಸಂಕೇತ ಎಲ್ಲವೂ ಕೂಡಿ ಹೋಗಬೇಕು. ಬಣ್ಣವನ್ನು ಹೊತ್ತೊಯ್ಯಲು ಒಂದು ಪ್ರತ್ಯೇಕ ಅಲೆ ಇರುತ್ತದೆ, ಅದನ್ನು ಸಬ್‌ಕ್ಯಾರಿಯರ್ ಎನ್ನುತ್ತಾರೆ. ಪಾಲ್ ಪದ್ಧತಿಯಲ್ಲಿ ಅದು 4.43361875 ಮೆಗಾಹರ್ಟ್ಜ್, ಎನ್‌ಟಿಎಸ್‌ಸಿಯಲ್ಲಿ 3.579545 ಮೆಗಾಹರ್ಟ್ಜ್. ದಶಮಾಂಶದ ನಂತರ ಇಷ್ಟು ಅಂಕಿಗಳನ್ನು ಬರೆಯುತ್ತಿರುವುದು ಅಗತ್ಯವಿರುವುದರಿಂದಲೇ, ಏಕೆಂದರೆ ಟಿವಿಯ ಬಣ್ಣದ ಭಾಗ ಈ ಅಲೆಯನ್ನು ತನ್ನ ಕ್ರಿಸ್ಟಲ್‌ನೊಂದಿಗೆ ಹೋಲಿಸಿ, ಕೆಲವು ನೂರು ಹರ್ಟ್ಜ್‌ಗಳ ಒಳಗೆ ಹೊಂದಿದರೆ ಮಾತ್ರ ಒಪ್ಪಿಕೊಳ್ಳುತ್ತದೆ. ಹೊಂದದಿದ್ದರೆ ತಪ್ಪು ಬಣ್ಣ ತೋರಿಸುವ ಬದಲು ಬಣ್ಣವನ್ನೇ ನಿಲ್ಲಿಸಿಬಿಡುತ್ತದೆ. ಈ ಕೆಲಸಕ್ಕೆಂದೇ ಇರುವ ಭಾಗವನ್ನು ಟಿವಿ ರಿಪೇರಿಯವರು ಕಲರ್ ಕಿಲ್ಲರ್ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಕಪ್ಪು-ಬಿಳುಪು ಮಾಡುತ್ತಿರುವುದು ಅದೇ.

ಹಾಗಾದರೆ ಅಲೆ ಎಲ್ಲಿ ತಪ್ಪಿತು? ಪಾಲ್ ಮೆಗಾ ಡ್ರೈವ್‌ನ ಮೂಲ ಗಡಿಯಾರ, ಅಂದರೆ ಒಳಗಿನ ಕ್ರಿಸ್ಟಲ್‌ನ ವೇಗ, 53.203424 ಮೆಗಾಹರ್ಟ್ಜ್. 50ರಲ್ಲಿದ್ದಾಗ ವಿಡಿಯೋ ಚಿಪ್ ಅದನ್ನು 12ರಿಂದ ಭಾಗಿಸಿ ಬಣ್ಣದ ಅಲೆ ಮಾಡುತ್ತದೆ: 4.4336, ಸರಿಯಾದ ಪಾಲ್. ಅಮೆರಿಕದ ಯಂತ್ರದ ಗಡಿಯಾರ 53.693175, ಅಲ್ಲಿ ಅದೇ ಚಿಪ್ 15ರಿಂದ ಭಾಗಿಸುತ್ತದೆ: 3.579545, ಸರಿಯಾದ ಎನ್‌ಟಿಎಸ್‌ಸಿ. ನಿಮ್ಮ ಸ್ವಿಚ್ 60ಕ್ಕೆ ಹೋದಾಗ ಚಿಪ್ ತಾನು ಅಮೆರಿಕದಲ್ಲಿದ್ದೇನೆಂದು ನಂಬಿ 15ರಿಂದ ಭಾಗಿಸುತ್ತದೆ, ಆದರೆ ಭಾಗಿಸಲು ಸಿಗುವುದು ಪಾಲ್ ಗಡಿಯಾರ. ಬರುವ ಉತ್ತರ 3.546895. ಇದು ಪಾಲ್ ಅಲ್ಲ, ಎನ್‌ಟಿಎಸ್‌ಸಿಯೂ ಅಲ್ಲ. ಎನ್‌ಟಿಎಸ್‌ಸಿಗೆ 32 ಸಾವಿರಕ್ಕೂ ಹೆಚ್ಚು ಹರ್ಟ್ಜ್ ಕಡಿಮೆ. ಜಗತ್ತಿನ ಯಾವ ಟಿವಿಯೂ ಇದನ್ನು ಬಣ್ಣವೆಂದು ಒಪ್ಪುವುದಿಲ್ಲ. ನಿಮ್ಮ ಹೊಸ ಎಲ್‌ಇಡಿ ಎನ್‌ಟಿಎಸ್‌ಸಿ ಬಲ್ಲದಾದರೂ ಅಲ್ಲಿ ಬಣ್ಣ ಬರದಿರುವುದಕ್ಕೆ ಇದೇ ಕಾರಣ. ಬೆಳಕಿನ ಭಾಗಕ್ಕೂ ಗೆರೆಗಳಿಗೂ ಈ ಅಲೆಯ ಅಗತ್ಯವಿಲ್ಲದ್ದರಿಂದ ಕಪ್ಪು-ಬಿಳುಪು ಚಿತ್ರ ಮಾತ್ರ ಸ್ಥಿರವಾಗಿ, ಚೊಕ್ಕವಾಗಿ ನಿಲ್ಲುತ್ತದೆ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. 1990ರ ದಶಕದ ನಡುವಿನಲ್ಲಿ, ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಾನು ಟಿವಿ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ, ಆಳಂದದಿಂದ ಒಬ್ಬರು ಟಿವಿಯನ್ನೂ ಜಪಾನಿನ ಗೇಮ್ ಯಂತ್ರವನ್ನೂ ಒಟ್ಟಿಗೆ ಆಟೋದಲ್ಲಿ ತಂದಿಳಿಸಿದರು. ಗೇಮ್ ಹಾಕಿದರೆ ಬಣ್ಣವಿಲ್ಲ ಎಂಬುದು ದೂರು. ನಾನು ಟಿವಿಯ ಬಣ್ಣದ ಐಸಿ ಬದಲಿಸಿದೆ, ಕ್ರಿಸ್ಟಲ್ ಬದಲಿಸಿದೆ, ಅದರ ಪಕ್ಕದ ಟ್ರಿಮರನ್ನು ತಿರುಗಿಸಿ ತಿರುಗಿಸಿ ಕೊನೆಗೆ ದೂರದರ್ಶನದ ಬಣ್ಣವೂ ಹೋಗುವಂತೆ ಮಾಡಿದೆ. ಎರಡು ದಿನ ಕಳೆದ ಮೇಲೆ ಫ್ರೀಕ್ವೆನ್ಸಿ ಕೌಂಟರ್ ಇದ್ದ ಒಬ್ಬ ಸ್ನೇಹಿತರ ಬಳಿ ಗೇಮ್ ಯಂತ್ರವನ್ನು ಒಯ್ದಾಗ 3.5795 ಎಂಬ ಅಂಕಿ ಮೂಡಿತು. ಟಿವಿಯಲ್ಲಿದ್ದುದು 4.43ರ ಕ್ರಿಸ್ಟಲ್ ಒಂದೇ. ಆ ಗ್ರಾಹಕರಿಂದ ನಾನು ಹಣ ತೆಗೆದುಕೊಳ್ಳಲಿಲ್ಲ, ಆದರೆ ಒಳ್ಳೆಯ ಟಿವಿಯೊಂದನ್ನು ಬಿಚ್ಚಿ ಕೆಡಿಸಿದ ಬೇಸರ ಹಾಗೆಯೇ ಉಳಿಯಿತು. ಆದ್ದರಿಂದಲೇ ನಿಮಗೆ ಒತ್ತಿ ಹೇಳುತ್ತೇನೆ: ಯಾರೇ ಹೇಳಿದರೂ ನಿಮ್ಮ 21 ಇಂಚಿನ ಟಿವಿಯ ಬಣ್ಣದ ಭಾಗವನ್ನು ಮುಟ್ಟಗೊಡಬೇಡಿ. 60ರಲ್ಲಿ ಅದರ ಚಿತ್ರ ಉರುಳದೆ ನಿಲ್ಲುತ್ತಿದೆ ಎಂದರೆ ಅದು ಮಾಡಬೇಕಾದುದನ್ನೆಲ್ಲ ಮಾಡುತ್ತಿದೆ.

ಪರಿಹಾರಗಳಲ್ಲಿ ನಾನು ಮೊದಲು ಹೇಳುವುದು ಬೋರ್ಡನ್ನು ಮುಟ್ಟದ ದಾರಿ. ಮೊದಲ ಮಾದರಿಯ ಮೆಗಾ ಡ್ರೈವ್‌ನ ಹಿಂದಿರುವ 8 ಪಿನ್ನಿನ ದುಂಡು ಸಾಕೆಟ್ಟಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆಯಾಗಿ ಹೊರಬರುತ್ತವೆ. ಬಣ್ಣ ಬೇರೆ ತಂತಿಗಳಲ್ಲಿ ಬಂದರೆ ಅದನ್ನು ಅಲೆಯ ಮೇಲೆ ಹೊರಿಸುವ ಪ್ರಶ್ನೆಯೇ ಇಲ್ಲ, 3.54 ಇರಲಿ, 4.43 ಇರಲಿ, ಯಾರೂ ಕೇಳುವುದಿಲ್ಲ. ಇದಕ್ಕಾಗಿ ಯುರೋಪಿನಲ್ಲಿ ಬಳಸುವುದು ಸ್ಕಾರ್ಟ್ ಕೇಬಲ್. ನಮ್ಮ ಟಿವಿಗಳಲ್ಲಿ ಆ ಸಾಕೆಟ್ ಸಾಮಾನ್ಯವಾಗಿ ಇಲ್ಲದ್ದರಿಂದ ಆ ಕೇಬಲ್ಲಿನ ತುದಿಗೆ, ಆರ್‌ಜಿಬಿಯನ್ನು (ಆ ಮೂರು ಬಣ್ಣಗಳ ಸಂಕೇತವನ್ನು) ಕಾಂಪೊನೆಂಟ್‌ಗೋ ಎಚ್‌ಡಿಎಂಐಗೋ ಬದಲಿಸುವ ಸಣ್ಣ ಪೆಟ್ಟಿಗೆಯೊಂದು ಬೇಕಾಗುತ್ತದೆ. ಹಳೆಯ ಟಿವಿಯ ಹಿಂದೆ ಕೆಂಪು, ಹಸಿರು, ನೀಲಿ ಬಣ್ಣದ ಮೂರು ಕಾಂಪೊನೆಂಟ್ ಸಾಕೆಟ್ ಇವೆಯೇ ನೋಡಿ; ಇದ್ದರೆ ನಿಮ್ಮ ಅದೃಷ್ಟ, ಅದಕ್ಕಿಂತ ಒಳ್ಳೆಯ ಚಿತ್ರ ಆ ಟಿವಿಯಲ್ಲಿ ನೀವು ಕಂಡಿರಲಾರಿರಿ. ಕೊಳ್ಳುವಾಗ ಎರಡು ಮಾತು. ಆ ಪೆಟ್ಟಿಗೆ ನಿಜವಾಗಿ ಆರ್‌ಜಿಬಿಯನ್ನೇ ತೆಗೆದುಕೊಳ್ಳುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ, ಏಕೆಂದರೆ ಸ್ಕಾರ್ಟ್ ಬಾಯಿ ಇದ್ದೂ ಒಳಗೆ ಕಾಂಪೊಸಿಟ್ (ಹಳದಿ ಪಿನ್ನಿನ ಸಂಕೇತ) ಮಾತ್ರ ಓದುವ ಅಗ್ಗದ ಪೆಟ್ಟಿಗೆಗಳಿವೆ, ಅವುಗಳಿಂದ ಮತ್ತೆ ಅದೇ ಕಪ್ಪು-ಬಿಳುಪೇ ಸಿಗುತ್ತದೆ. ಹಾಗೆಯೇ ಎಸ್-ವಿಡಿಯೋ ಮಾಡಿಸಿದರೆ ಬಣ್ಣ ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರಲ್ಲಿ ಬೆಳಕೂ ಬಣ್ಣವೂ ಬೇರೆ ತಂತಿಗಳಲ್ಲಿ ಬಂದರೂ ಬಣ್ಣ ಅದೇ ತಪ್ಪು ಅಲೆಯ ಮೇಲೆಯೇ ಕುಳಿತಿರುತ್ತದೆ.

ಹಳದಿ ಪಿನ್ನಿನ ಕೇಬಲ್ಲಿನಲ್ಲಿಯೇ ಬಣ್ಣ ಬೇಕೆಂದರೆ ಎರಡನೆಯ ದಾರಿ ಇದೆ, ಖರ್ಚು ಕಡಿಮೆ, ಕೈಚಳಕ ಹೆಚ್ಚು ಬೇಕು. ಯಂತ್ರ ಬಿಚ್ಚಿಸಿ, ಆರ್‌ಜಿಬಿಯನ್ನು ಕಾಂಪೊಸಿಟ್ ಮಾಡುವ ಐಸಿಯ ಮೇಲಿನ ಸಂಖ್ಯೆ ಓದಿ. ಅದು ಸೋನಿಯ ಸಿಎಕ್ಸ್‌ಎ1145 ಆಗಿದ್ದರೆ ಮಾತ್ರ ಮುಂದಿನ ಪಿನ್ ಸಂಖ್ಯೆಗಳು ನಿಮಗೆ ಅನ್ವಯಿಸುತ್ತವೆ. ಬೇರೆ ಸಂಖ್ಯೆ ಇದ್ದರೆ ಆ ಐಸಿಯ ಡೇಟಾಶೀಟ್ ತೆಗೆದು ನೋಡುವವರೆಗೆ ಬೆಸುಗೆ ಕಾಯಿಸಬಾರದು. ಈ ಐಸಿಯ 6ನೇ ಪಿನ್‌ಗೆ ಬಣ್ಣದ ಅಲೆ ಬರುತ್ತದೆ. 7ನೇ ಪಿನ್ ಪಾಲೋ ಎನ್‌ಟಿಎಸ್‌ಸಿಯೋ ಎಂದು ತೀರ್ಮಾನಿಸುತ್ತದೆ. ಗ್ರೌಂಡಿಗೆ ಸೇರಿದ್ದರೆ ಪಾಲ್. ನನ್ನ ಸಲಹೆ ಹೀಗಿದೆ: 6ನೇ ಪಿನ್‌ಗೆ ವಿಡಿಯೋ ಚಿಪ್ಪಿನಿಂದ ಬರುವ ದಾರಿಯನ್ನು ಬಿಡಿಸಿ, ಅಲ್ಲಿಗೆ ಪ್ರತ್ಯೇಕವಾದ 4.43361875 ಮೆಗಾಹರ್ಟ್ಜ್ ಆಸಿಲೇಟರನ್ನು (ಅಲೆ ಹುಟ್ಟಿಸುವ ಸರ್ಕ್ಯೂಟನ್ನು) ಸಣ್ಣ ಕೆಪಾಸಿಟರ್ ಮೂಲಕ ಜೋಡಿಸಿ, 7ನೇ ಪಿನ್ನನ್ನು ಶಾಶ್ವತವಾಗಿ ಪಾಲ್‌ನಲ್ಲಿಯೇ ನಿಲ್ಲಿಸುವುದು. ಆಗ ಸ್ವಿಚ್ 50ರಲ್ಲಿದ್ದರೆ ಮಾಮೂಲಿ ಪಾಲ್. 60ರಲ್ಲಿದ್ದರೆ ವೇಗ ಅಮೆರಿಕದ್ದು, ಬಣ್ಣ ನಮ್ಮದು. ಇದನ್ನು ಪಾಲ್ 60 ಎಂದು ಕರೆಯುತ್ತಾರೆ. ನಮ್ಮ ಡಬ್ಬಾ ಟಿವಿಗಳಿಗೆ ಇದಕ್ಕಿಂತ ಹೊಂದುವ ಪರಿಹಾರ ನನಗೆ ತಿಳಿದಿಲ್ಲ, ಏಕೆಂದರೆ ಅವುಗಳಲ್ಲಿರುವ 4.43ರ ಕ್ರಿಸ್ಟಲ್‌ಗೆ ಬೇಕಾದ ಅಲೆಯೇ ಅದಕ್ಕೆ ಸಿಗುತ್ತದೆ, ಮತ್ತು ನಿಮ್ಮ ಟಿವಿ 60ರ ಚಿತ್ರವನ್ನು ಹಿಡಿದು ನಿಲ್ಲಿಸಬಲ್ಲದು ಎಂಬುದು ಆಗಲೇ ಗೊತ್ತಾಗಿದೆ.

7ನೇ ಪಿನ್ನಿನ ವಿಷಯದಲ್ಲಿ ಅವಸರ ಮಾಡಬಾರದು. ಮೊದಲು ಮಲ್ಟಿಮೀಟರನ್ನು ಅದರ ಮೇಲಿಟ್ಟು ಸ್ವಿಚ್ಚನ್ನು 50ಕ್ಕೂ 60ಕ್ಕೂ ಹಾಕಿ ನೋಡಬೇಕು. ವೋಲ್ಟೇಜ್ ಬದಲಾದರೆ ಆ ಪಿನ್ ಸ್ವಿಚ್ಚಿಗೆ ಸೇರಿದೆ ಎಂದರ್ಥ. ಅದನ್ನು ಬಿಡಿಸದೆ ನೇರವಾಗಿ ಗ್ರೌಂಡಿಗೆ ಕೊಟ್ಟರೆ ಸ್ವಿಚ್ ತಿರುಗಿಸಿದ ಗಳಿಗೆಯಲ್ಲಿ 5 ವೋಲ್ಟಿನ ಲೈನು ಗ್ರೌಂಡಿಗೆ ಶಾರ್ಟ್ ಆಗುವ ಅಪಾಯವಿದೆ.

ಆಸಿಲೇಟರಿಗೆ ಬೇಕಾದ ಕ್ರಿಸ್ಟಲ್ ಸಿಗುವುದು ಕಷ್ಟವಲ್ಲ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಕೇಳಬಹುದು. ಹೋಗಲಾಗದಿದ್ದರೆ ಮೂಲೆಗೆ ಬಿದ್ದ ಹಳೆಯ ಕಲರ್ ಟಿವಿಯ ಬೋರ್ಡಿನಲ್ಲಿಯೇ ಒಂದು ಕುಳಿತಿರುತ್ತದೆ. ಬೆರಳುಗುರಿನಷ್ಟು ಅಗಲದ ಆ ಲೋಹದ ಡಬ್ಬಿಯ ನೆತ್ತಿಯ ಮೇಲಿನ ಅಂಕಿಯನ್ನು ಬೆಳಕಿಗೆ ಹಿಡಿದು ಓದಬೇಕು. 4.433619 ಎಂದಿದ್ದರೆ ಅದೇ ಬೇಕಾದದ್ದು. 8.867238 ಎಂದಿದ್ದರೆ ಅದು ಇಮ್ಮಡಿ ಲೆಕ್ಕದ್ದು. ಎಷ್ಟೋ ಟಿವಿಗಳಲ್ಲಿ ಅದನ್ನು ಹಾಕಿ ಒಳಗೆ ಎರಡರಿಂದ ಭಾಗಿಸುತ್ತಾರೆ, ನಿಮಗೆ ಅದು ನೇರವಾಗಿ ಬಾರದು. ಹಳೆಯ ಬಟನ್ ಫೋನಿನ ಬೋರ್ಡಿನಲ್ಲಿ ಸಿಗುವ 3.579545 ಕೂಡ ಇಲ್ಲಿ ಬೇಡ, ಅದು ಎನ್‌ಟಿಎಸ್‌ಸಿಯ ಅಂಕಿ. ಬರಿಯ ಕ್ರಿಸ್ಟಲ್ ತಾನಾಗಿ ಕಂಪಿಸುವುದಿಲ್ಲ. 74ಎಚ್‌ಸಿಯು04 ಐಸಿಯ ಒಂದು ಇನ್ವರ್ಟರ್, ಅದರ ಅಡ್ಡಲಾಗಿ 1 ಮೆಗಾ ಓಮ್ ರೆಸಿಸ್ಟರ್, ಕ್ರಿಸ್ಟಲ್‌ನ ಎರಡೂ ಕಾಲುಗಳಿಂದ ಗ್ರೌಂಡಿಗೆ 22 ಪಿಕೋಫ್ಯಾರಡ್‌ನ ಒಂದೊಂದು ಕೆಪಾಸಿಟರ್ ಬೇಕು. ಇನ್ನೊಂದು ಇನ್ವರ್ಟರ್ ಮೂಲಕ ಅಲೆಯನ್ನು ಹೊರತೆಗೆಯಬೇಕು. ಉಳಿದ ಇನ್ವರ್ಟರ್‌ಗಳ ಇನ್‌ಪುಟ್ ಪಿನ್‌ಗಳನ್ನು ತೇಲಲು ಬಿಡದೆ ಗ್ರೌಂಡಿಗೆ ಕಟ್ಟಬೇಕು. ಇವೆಲ್ಲ ಎರಡು ಬೆರಳಿನಷ್ಟು ವೆರೋಬೋರ್ಡಿನ ಮೇಲೆ ಕೂರುತ್ತವೆ. ಅದನ್ನು 6ನೇ ಪಿನ್ನಿನ ಪಕ್ಕದಲ್ಲಿಯೇ ಅಂಟಿಸಿ, ತಂತಿ ಎರಡು ಮೂರು ಸೆಂಟಿಮೀಟರ್ ದಾಟದಂತೆ ನೋಡಿಕೊಳ್ಳಬೇಕು. ತಂತಿ ಉದ್ದವಾದರೆ ಅದು ಆಂಟೆನಾ ಆಗಿ ಚಿತ್ರದ ಮೇಲೆಲ್ಲ ಓರೆ ಗೆರೆಗಳನ್ನು ಮೂಡಿಸುತ್ತದೆ. ಈ ಆಸಿಲೇಟರ್ ಯಂತ್ರದ ಗೆರೆಗಳೊಂದಿಗೆ ಹೆಜ್ಜೆ ಹಾಕುವುದಿಲ್ಲವಾದ್ದರಿಂದ ಗಾಢ ಬಣ್ಣಗಳ ಅಂಚಿನಲ್ಲಿ ಸಣ್ಣ ಚುಕ್ಕೆಗಳು ಹರಿದಾಡುವುದು ಹತ್ತಿರದಿಂದ ಕಾಣಬಹುದು. ಅದು ದೋಷವಲ್ಲ, ಈ ವಿಧಾನದ ಸ್ವಭಾವ.

ಮೂರನೆಯದು ಎಲ್ಲಕ್ಕಿಂತ ಪೂರ್ಣವಾದ ದಾರಿ: ಮೂಲ ಗಡಿಯಾರವನ್ನೇ ತೆಗೆದು, ಸ್ವಿಚ್ಚಿನ ಸ್ಥಾನಕ್ಕೆ ತಕ್ಕಂತೆ 53.203424 ಅಥವಾ 53.693175 ಕೊಡುವ ಎರಡು ಗಡಿಯಾರದ ಸಣ್ಣ ಬೋರ್ಡನ್ನು ಕೂರಿಸುವುದು, ಅದರ ಜೊತೆಗೆ 7ನೇ ಪಿನ್ನೂ ಸ್ವಿಚ್ಚಿನೊಡನೆ ಬದಲಾಗುವಂತೆ ಮಾಡುವುದು. ಆಗ 60ರಲ್ಲಿ ಶುದ್ಧ ಎನ್‌ಟಿಎಸ್‌ಸಿ ಹೊರಬರುತ್ತದೆ, ವೇಗವೂ ಅಮೆರಿಕದ ಯಂತ್ರದಷ್ಟೇ ಆಗುತ್ತದೆ. ಈಗ ನಿಮ್ಮ ಯಂತ್ರ 60 ಎಂದು ತೋರಿಸುವಾಗ ನಿಜವಾಗಿ ನಡೆಯುತ್ತಿರುವುದು ಸೆಕೆಂಡಿಗೆ 59.38 ಸಲ, ಅಮೆರಿಕದ ಯಂತ್ರದಲ್ಲಿ 59.92. ಒಂದು ಗಂಟೆಯ ಆಟದಲ್ಲಿ ಅರ್ಧ ನಿಮಿಷದ ವ್ಯತ್ಯಾಸ. ಸಮಯ ಅಳೆದು ದಾಖಲೆಗಾಗಿ ಆಡುವವರಿಗೆ ಅದು ಬೇಕು. ಮನೆಯಲ್ಲಿ ಮಕ್ಕಳೊಂದಿಗೆ ಆಡುವವರು ಅದಕ್ಕಾಗಿ 30 ವರ್ಷ ಹಳೆಯ ಬೋರ್ಡಿನ ಗಡಿಯಾರ ಕೀಳುವ ಅಪಾಯ ತೆಗೆದುಕೊಳ್ಳಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮೇಲಾಗಿ ನಿಮ್ಮ ಹಳೆಯ ಟಿವಿ ಎನ್‌ಟಿಎಸ್‌ಸಿ ಬಣ್ಣ ಬಲ್ಲದೋ ಇಲ್ಲವೋ ಎಂಬುದೂ ಆಗ ಪ್ರಶ್ನೆಯಾಗುತ್ತದೆ.

ಯಂತ್ರ ಬಿಚ್ಚಿದಾಗ ಸ್ವಿಚ್ ಹಾಕಿದ ಜಾಗವನ್ನೂ ಒಮ್ಮೆ ಪರೀಕ್ಷಿಸಿ. ತಂತಿಗಳು ಜೆಪಿ3, ಜೆಪಿ4 ಎಂದು ಅಚ್ಚಾದ ಜಂಪರ್ ಜಾಗಕ್ಕೆ ಹೋಗಿದ್ದರೆ ಒಳ್ಳೆಯದು. 315-5313 ಎಂಬ ವಿಡಿಯೋ ಚಿಪ್ಪಿನ ಕಾಲನ್ನೇ ಎತ್ತಿ ಬೆಸೆದಿದ್ದರೆ ಆ ತಂತಿ ಅಲುಗಾಡದಂತೆ ಬಿಸಿ ಅಂಟು ಹಾಕಿಸಿ. 128 ಕಾಲುಗಳ ಚಿಪ್ಪಿನ ಕೂದಲೆಳೆಯಂಥ ಕಾಲು ಒಮ್ಮೆ ಬುಡದಲ್ಲಿ ಮುರಿದರೆ ಮತ್ತೆ ಜೋಡಿಸುವುದು ಬಹಳ ಕಷ್ಟ. ಒಳಗಿನ ಎರಡು 7805 ರೆಗ್ಯುಲೇಟರ್‌ಗಳು ಅವುಗಳ ಲೋಹದ ತಗಡಿಗೆ ಗಟ್ಟಿಯಾಗಿ ಕೂತಿವೆಯೇ, ನಡುವಿನ ಪೇಸ್ಟ್ ಒಣಗಿ ಪುಡಿಯಾಗಿದೆಯೇ ನೋಡಿ. 9 ವೋಲ್ಟನ್ನು 5ಕ್ಕೆ ಇಳಿಸುವಾಗ ಮಿಕ್ಕ 4 ವೋಲ್ಟು ಪೂರ್ತಿ ಶಾಖವಾಗಿಯೇ ಹೊರಹೋಗಬೇಕು, ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲಿನಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಅದಕ್ಕೆ ದಾರಿ ಸಿಗುವುದಿಲ್ಲ. ಭಾವನವರು ಮುಂದೆ ಅಮೆರಿಕದ ಯಂತ್ರವನ್ನೇ ತಂದರೆ ಅದರ ಅಡಾಪ್ಟರ್ 120 ವೋಲ್ಟಿನದು ಎಂಬುದನ್ನು ಮರೆಯಬೇಡಿ. ನಮ್ಮ 230ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಮೊದಲ ಮಾದರಿಯ ಮೆಗಾ ಡ್ರೈವ್‌ಗೆ 9 ವೋಲ್ಟ್, ನಡುವಿನ ಪಿನ್ ನೆಗೆಟಿವ್. ಎರಡನೆಯ ಮಾದರಿಗೆ 10 ವೋಲ್ಟ್, ನಡುವಿನ ಪಿನ್ ಪಾಸಿಟಿವ್. ಒಂದರದು ಇನ್ನೊಂದಕ್ಕೆ ಆಗದು.

ಅಣ್ಣನ ಟಿವಿ ಗೇಮಿಗೆ ಸ್ವಿಚ್ ಹಾಕಿಸುವ ಯೋಚನೆ ಬೇಡ, ಹಾಕುವ ಜಾಗವೇ ಅದರಲ್ಲಿಲ್ಲ. ನಮ್ಮ ಜಾತ್ರೆಗಳಲ್ಲಿ ಮಾರುತ್ತಿದ್ದ ಆ ಗೇಮುಗಳು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಅವುಗಳಲ್ಲಿ ಸಾಮಾನ್ಯವಾಗಿ 50, 60ರ ಲೆಕ್ಕ ಚಿಪ್ಪಿನ ಒಳಗೇ ಕೆತ್ತಿಹೋಗಿರುತ್ತದೆ, ಹೊರಗೆ ಅದಕ್ಕೊಂದು ಪಿನ್ ಇರುವುದಿಲ್ಲ. ಬಿಚ್ಚಿ ನೋಡಿದರೆ ಹಳೆಯವುಗಳಲ್ಲಿ ಯುಎ6527ಪಿ ಮತ್ತು ಯುಎ6538 ಎಂಬ ತೈವಾನಿನ ಯುಎಂಸಿ ಕಂಪನಿಯ ಎರಡು ದೊಡ್ಡ ಐಸಿಗಳು ಕಾಣಬಹುದು. ನಂತರದವುಗಳಲ್ಲಿ ಹುಣಸೆ ಬೀಜಕ್ಕಿಂತ ತುಸು ದೊಡ್ಡದಾದ ಕಪ್ಪು ಗುಳ್ಳೆಯೊಂದೇ ಕಾಣುತ್ತದೆ, ಚಿಪ್ಪು ಅದರಡಿ ಹೂತಿರುತ್ತದೆ.

ನಕಲು ಎಂದು ಅವನ್ನು ಕಡೆಗಣಿಸಬೇಡಿ, ಏಕೆಂದರೆ ಈ ಒಂದು ವಿಷಯದಲ್ಲಿ ಆ ಚಿಪ್ಪು ಮಾಡಿದವರು ಮೂಲದವರಿಗಿಂತ ಜಾಣತನ ತೋರಿದ್ದಾರೆ. ನಿಂಟೆಂಡೊ ತನ್ನ ಪಾಲ್ ಯಂತ್ರದಲ್ಲಿ ಪ್ರೊಸೆಸರಿನ ವೇಗವನ್ನು 1.79ರಿಂದ 1.66 ಮೆಗಾಹರ್ಟ್ಜ್‌ಗೆ ಇಳಿಸಿತು, ಚಿತ್ರ ಮುಗಿದು ಮುಂದಿನದು ಶುರುವಾಗುವ ಬಿಡುವನ್ನು 20 ಗೆರೆಗಳಿಂದ 70 ಗೆರೆಗಳಿಗೆ ಹಿಗ್ಗಿಸಿತು. ಆ ಬಿಡುವಿನ ಲೆಕ್ಕ ಹಿಡಿದು ಬರೆದ ಜಪಾನಿನ ಆಟಗಳು ಅದರ ಮೇಲೆ ಎಡವಿದವು. ತೈವಾನಿನ ಚಿಪ್ಪು 26.601712 ಮೆಗಾಹರ್ಟ್ಜ್‌ನ ಅದೇ ಕ್ರಿಸ್ಟಲನ್ನು 16ರ ಬದಲು 15ರಿಂದ ಭಾಗಿಸಿ ಪ್ರೊಸೆಸರನ್ನು 1.773 ಮೆಗಾಹರ್ಟ್ಜ್‌ನಲ್ಲಿ, ಅಂದರೆ ಜಪಾನಿನ ಮೂಲಕ್ಕೆ ನೂರಕ್ಕೆ ಒಂದರೊಳಗೆ ನಡೆಸುತ್ತದೆ. ಹೆಚ್ಚುವರಿ 51 ಗೆರೆಗಳನ್ನು ಚಿತ್ರದ ಕೊನೆಗೆ ಸುಮ್ಮನೆ ಸೇರಿಸಿ, ಅವು ಕಳೆದ ಮೇಲೆಯೇ ಬಿಡುವು ಶುರುವಾಯಿತೆಂದು ಆಟಕ್ಕೆ ತಿಳಿಸುತ್ತದೆ. ಆಟದ ಕಣ್ಣಿಗೆ ಬಿಡುವು ಜಪಾನಿನಂತೆಯೇ 20 ಗೆರೆ. ಆದ್ದರಿಂದಲೇ ಜಪಾನಿಗಾಗಿ ಬರೆದ ಆಟಗಳು ನಮ್ಮ ಪಾಲ್ ಟಿವಿಗಳಲ್ಲಿ ಚಿತ್ರ ಹರಿಯದೆ, ಬಣ್ಣ ಕೆಡದೆ ನಡೆದವು. ವೇಗ ಮಾತ್ರ ಅಲ್ಲೂ ಆರರಲ್ಲಿ ಒಂದು ಪಾಲು ಕಡಿಮೆಯೇ. ಅಣ್ಣನವರು ಚಿಕ್ಕವರಿದ್ದಾಗ ಆಡಿದ ವೇಗ ಅದೇ ಆಗಿದ್ದರಿಂದ ಅವರಿಗೆ ಅದೇ ಸರಿಯೆನಿಸಿದರೆ ಆಶ್ಚರ್ಯವಿಲ್ಲ.

ಇನ್ನು ಮೆಗಾ ಡ್ರೈವ್‌ನ ಸ್ವಿಚ್ಚನ್ನು ತೆಗೆಸಬೇಡಿ. ಕಾಕಾ ತಂದ ಕ್ಯಾಸೆಟ್‌ಗಳಲ್ಲಿ ಯುರೋಪಿನವರು 50ಕ್ಕೆಂದೇ ಬರೆದ ಆಟಗಳಿರಬಹುದು. ಅವುಗಳಿಗೆ 50ರಲ್ಲಿ ಬಿಡುವಿನ ಸಮಯ ಧಾರಾಳವಾಗಿ, ಸುಮಾರು 89 ಗೆರೆಗಳಷ್ಟು ಇರುತ್ತದೆ. 60ಕ್ಕೆ ಹಾಕಿದರೆ 38ಕ್ಕೆ ಇಳಿಯುತ್ತದೆ, ಆಗ ಕೆಲವು ಆಟಗಳಲ್ಲಿ ಪರದೆಯ ಮೇಲ್ಭಾಗ ಹರಿದಂತೆ ಕಾಣಬಹುದು, ಸಂಗೀತ ಓಡಬಹುದು. ಅಂಥವನ್ನು 50ರಲ್ಲಿಯೇ ಆಡಿ. ತಪಾಸಣೆ ಸಾಮಾನ್ಯವಾಗಿ ಆಟ ಶುರುವಾಗುವಾಗಲೇ ನಡೆಯುವುದರಿಂದ ಅಮೆರಿಕದ ಮೂರನೆಯ ಕ್ಯಾಸೆಟ್ಟಿಗೆ ಮಾತ್ರ ಪವರ್ ಹಾಕುವ ಮೊದಲೇ ಸ್ವಿಚ್ 60ರಲ್ಲಿರಬೇಕು. ಉಳಿದವುಗಳಲ್ಲಿ ಆಟ ನಡೆಯುತ್ತಿರುವಾಗಲೂ ಬದಲಿಸಬಹುದು, ಚಿತ್ರ ಒಮ್ಮೆ ಉರುಳಿ ಮತ್ತೆ ನಿಲ್ಲುತ್ತದೆ. ಸ್ವಿಚ್ಚಿನ ಪಕ್ಕದಲ್ಲಿ ಯಾವ ಕಡೆ 50, ಯಾವ ಕಡೆ 60 ಎಂದು ಬಿಳಿ ಬಣ್ಣದಲ್ಲಿ ಬರೆಸಿಡಿ, ಮತ್ತು ಆಸಿಲೇಟರ್ ಹಾಕಿಸಿದ ದಿನ ಮೊದಲು 50ರಲ್ಲಿ ಬಣ್ಣ ಬರುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಅದನ್ನು 60ಕ್ಕೆ ತಿರುಗಿಸಿ.